ಸಚಿವರು ಯಾರ ಮಾತು ಕೇಳ್ತಿದ್ರು? ಅಮೆರಿಕದ ಮೊದಲ ಸಂಪುಟಗಳ ಕಥೆ

ಸಚಿವರೊಬ್ಬರು ರಾಜೀನಾಮೆ ಕೊಟ್ರು, ಇನ್ನೊಬ್ಬರನ್ನ ಕೈಬಿಟ್ರು ಅಂತ ನಿಮ್ಮ ಫೋನಿಗೆ ನೋಟಿಫಿಕೇಶನ್ ಬರ್ತಾನೇ ಇರುತ್ತೆ. ಇವತ್ತು ನಾನು ಹೇಳೋದು ಇನ್ನೂರು ವರ್ಷಕ್ಕೂ ಹಳೆಯ ಅಂಥದ್ದೇ ಸುದ್ದಿ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಸಂಪುಟದಲ್ಲಿ ಇದ್ದದ್ದು ನಾಲ್ಕೇ ಜನ. ಹಣಕಾಸಿಗೆ ಅಲೆಕ್ಸಾಂಡರ್ ಹ್ಯಾಮಿಲ್ಟನ್, ವಿದೇಶಾಂಗಕ್ಕೆ ಥಾಮಸ್ ಜೆಫರ್ಸನ್, ಯುದ್ಧ ಇಲಾಖೆಗೆ ಹೆನ್ರಿ ನಾಕ್ಸ್, ಅಟಾರ್ನಿ ಜನರಲ್ ಆಗಿ ಎಡ್ಮಂಡ್ ರಾಂಡಾಲ್ಫ್. ಹ್ಯಾಮಿಲ್ಟನ್‌ಗೆ ರಾಷ್ಟ್ರೀಯ ಬ್ಯಾಂಕ್ ಬೇಕು, ಬಲವಾದ ಕೇಂದ್ರ ಬೇಕು. ಜೆಫರ್ಸನ್ ಪ್ರಕಾರ ಆ ಬ್ಯಾಂಕೇ ಸಂವಿಧಾನಕ್ಕೆ ವಿರುದ್ಧ. 1791ರಲ್ಲಿ ವಾಷಿಂಗ್ಟನ್ ಇಬ್ಬರ ಅಭಿಪ್ರಾಯವನ್ನೂ ಬರಹದಲ್ಲಿ ತರಿಸಿಕೊಂಡು, ಕೊನೆಗೆ ಬ್ಯಾಂಕ್ ಮಸೂದೆಗೆ ಸಹಿ ಹಾಕಿದ್ರು.

ಇಲ್ಲಿಂದ ಕಥೆ ಮಜಾ ಆಗುತ್ತೆ. ಜೆಫರ್ಸನ್ ತಮ್ಮ ಇಲಾಖೆಯಲ್ಲಿ ಫಿಲಿಪ್ ಫ್ರೆನೋ ಅನ್ನೋ ಕವಿಗೆ ಅನುವಾದಕನ ಕೆಲಸ ಕೊಟ್ರು. ಸಂಬಳ ವರ್ಷಕ್ಕೆ 250 ಡಾಲರ್. ಆತ ಅದೇ ವರ್ಷ ‘ನ್ಯಾಷನಲ್ ಗೆಜೆಟ್’ ಶುರು ಮಾಡಿ, ಹ್ಯಾಮಿಲ್ಟನ್ ಮೇಲೆ ಸಂಚಿಕೆ ಬಿಡದೆ ಹರಿಹಾಯ್ದ. ಅಂದ್ರೆ ಸರ್ಕಾರದ ಸಂಬಳ ತಿಂದು ಸರ್ಕಾರದ ಸಚಿವರಿಗೇ ಬೈಗುಳ! ಹ್ಯಾಮಿಲ್ಟನ್ ಏನು ಕಮ್ಮಿ? ಬೇರೆ ಬೇರೆ ಸುಳ್ಳು ಹೆಸರಲ್ಲಿ ಇನ್ನೊಂದು ಪತ್ರಿಕೆಗೆ ಬರೆದು ಜೆಫರ್ಸನ್‌ರನ್ನ ಝಾಡಿಸಿದ್ರು. ಇವತ್ತಿನ ಫೇಕ್ ಅಕೌಂಟ್ ಇದ್ದ ಹಾಗೆ ಅನ್ನಿ. 1792ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಇಬ್ಬರಿಗೂ ಪತ್ರ ಬರೆದು, ಸ್ವಲ್ಪ ತಾಳ್ಮೆ ಇರಲಿ ಅಂತ ಕೇಳಿಕೊಂಡ್ರು. ಇಬ್ಬರೂ ಉತ್ತರ ಬರೆದದ್ದು ಒಂದೇ ದಿನ, ಸೆಪ್ಟೆಂಬರ್ 9ರಂದು. ಎರಡರಲ್ಲೂ ತಪ್ಪೆಲ್ಲ ಆ ಇನ್ನೊಬ್ಬರದ್ದೇ. ತಾವಿಬ್ಬರೂ ಕೋಳಿ ಅಂಕದ ಹುಂಜಗಳ ಹಾಗಿದ್ವಿ ಅಂತ ಜೆಫರ್ಸನ್ ಎಷ್ಟೋ ವರ್ಷದ ಮೇಲೆ ಒಂದು ಪತ್ರದಲ್ಲಿ ಬರೆದಿದ್ದಾರೆ.

1793ರ ಕೊನೆಗೆ ಜೆಫರ್ಸನ್ ಹೊರಟರು. ಆಮೇಲೆ ನಾಕ್ಸ್, ಹ್ಯಾಮಿಲ್ಟನ್. ಜೆಫರ್ಸನ್ ಜಾಗಕ್ಕೆ ಹೋಗಿದ್ದ ರಾಂಡಾಲ್ಫ್, ಫ್ರೆಂಚ್ ರಾಯಭಾರಿಯ ಪತ್ರವೊಂದು ಬ್ರಿಟಿಷರ ಕೈಗೆ ಸಿಕ್ಕಿ ಸಂಶಯ ಹುಟ್ಟಿದಾಗ, 1795ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ರು. ಇಪ್ಪತ್ತೇ ತಿಂಗಳಲ್ಲಿ ನಾಲ್ವರೂ ಖಾಲಿ. ವಿದೇಶಾಂಗ ಖಾತೆಗೆ ಐದು ಜನರನ್ನ ಕೇಳಿದ್ರೆ ಐವರೂ ಒಲ್ಲೆ ಅಂದ್ರು. ಆರನೆಯವರು ಟಿಮೊಥಿ ಪಿಕರಿಂಗ್.

ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ 1797ರಲ್ಲಿ ಪಿಕರಿಂಗ್, ಹಣಕಾಸಿನ ಆಲಿವರ್ ವೂಲ್ಕಾಟ್, ಯುದ್ಧ ಇಲಾಖೆಯ ಜೇಮ್ಸ್ ಮ್ಯಾಕ್‌ಹೆನ್ರಿ ಮೂವರನ್ನೂ ಹಾಗೇ ಉಳಿಸಿಕೊಂಡ್ರು. ನನ್ನ ಲೆಕ್ಕದಲ್ಲಿ ಅವರು ಎಡವಿದ್ದು ಇಲ್ಲೇ. ಆ ಮೂವರೂ ಸಲಹೆ ಕೇಳ್ತಾ ಇದ್ದದ್ದು ನ್ಯೂಯಾರ್ಕ್‌ನಲ್ಲಿ ವಕೀಲಿ ಮಾಡ್ಕೊಂಡಿದ್ದ ಹ್ಯಾಮಿಲ್ಟನ್ ಹತ್ರ! ಜೆಫರ್ಸನ್ ಜೊತೆಗಿನ ಜಗಳ ಕನಿಷ್ಠ ಅಧ್ಯಕ್ಷರ ಕಣ್ಣೆದುರೇ ಇತ್ತು. ಇದು ಬೆನ್ನ ಹಿಂದೆ.

ಫ್ರಾನ್ಸ್ ಜೊತೆ ಆಡಮ್ಸ್ ಶಾಂತಿ ಮಾತುಕತೆಗೆ ಹೊರಟಾಗ ಪಿಕರಿಂಗ್ ಅಡ್ಡ ನಿಂತ್ರು. 1800ರ ಮೇನಲ್ಲಿ ಆಡಮ್ಸ್ ತಾಳ್ಮೆ ಮುಗೀತು. ಮ್ಯಾಕ್‌ಹೆನ್ರಿಯನ್ನ ಕರೆಸಿ ತರಾಟೆಗೆ ತಗೊಂಡ್ರು, ಆತ ರಾಜೀನಾಮೆ ಕೊಟ್ರು. ಪಿಕರಿಂಗ್ ಕೊಡಲ್ಲ ಅಂದ್ರು. ಆಡಮ್ಸ್ ವಜಾ ಮಾಡಿದ್ರು.

ವೂಲ್ಕಾಟ್ ಮಾತ್ರ ಉಳ್ಕೊಂಡ್ರು. ಅದೇ ವರ್ಷ ಚುನಾವಣೆ ಹೊತ್ತಿಗೆ ಹ್ಯಾಮಿಲ್ಟನ್, ಆಡಮ್ಸ್ ವಿರುದ್ಧ ಒಂದು ಉದ್ದನೆಯ ಕರಪತ್ರ ಬರೆದ್ರು. ಅದಕ್ಕೆ ಒಳಗಿನ ಮಾಹಿತಿ ಒದಗಿಸಿದವರಲ್ಲಿ ವೂಲ್ಕಾಟ್ ಒಬ್ಬರು. ಆಡಮ್ಸ್ ಸೋತರು, ಜೆಫರ್ಸನ್ ಅಧ್ಯಕ್ಷರಾದ್ರು. ಆದ್ರೆ ಕುರ್ಚಿ ಬಿಡೋ ಮುಂಚೆ ಆಡಮ್ಸ್ ಒಂದು ಕೆಲಸ ಮಾಡಿ ಹೋದ್ರು: ವೂಲ್ಕಾಟ್‌ರನ್ನ ಫೆಡರಲ್ ನ್ಯಾಯಾಧೀಶರನ್ನಾಗಿ ನೇಮಿಸಿದ್ರು.