ಯಂತ್ರಕ್ಕೆ ತಕ್ಕ ಎಣ್ಣೆ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿನಲ್ಲಿ ಕಬ್ಬು ಮುಖ್ಯ ಬೆಳೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದರೂ ಹಳ್ಳಿಗಳ ಆಲೆಮನೆಗಳು ಮರೆಯಾಗಲಿಲ್ಲ. ಎತ್ತುಗಳು ಸುತ್ತುತ್ತಿದ್ದ ಗಾಣಕ್ಕೆ ಕಾಲಕ್ರಮದಲ್ಲಿ ಡೀಸೆಲ್ ಎಂಜಿನ್ ಬಂದಿತು. ಇಂದು ಅನೇಕ ಕಡೆ ವಿದ್ಯುತ್ ಮೋಟಾರು ಅದರ ಸ್ಥಾನವನ್ನು ಪಡೆದಿದೆ; ಆದರೆ ವಿದ್ಯುತ್ತು ಕೈಕೊಟ್ಟಾಗ ಮೂಲೆಯ ಹಳೆಯ ಎಂಜಿನ್ನೇ ಗತಿ.

ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ಸಕ್ಕರೆಯು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅಂತಹ ರಸದ ಬೆಲ್ಲ ಗಟ್ಟಿಯಾಗಿ ಅಚ್ಚುಗಟ್ಟುವುದಿಲ್ಲ. ಆ ಹೊತ್ತಿನಲ್ಲಿ ಎಂಜಿನ್ನಿನ ಬೇರಿಂಗು ಸುಟ್ಟು ಗಾಣ ನಿಂತರೆ ರೈತನ ವರ್ಷದ ದುಡಿಮೆಗೇ ಪೆಟ್ಟು. ಈ ಅನಾಹುತವನ್ನು ತಡೆಯುವುದು ತಲೆಗೂದಲಿಗಿಂತ ತೆಳುವಾದ ಒಂದು ಎಣ್ಣೆಯ ಪೊರೆ.

ಇದರ ಮರ್ಮವನ್ನು ಗಾಡಿ ಹೊಡೆಯುವವರು ಹಿಂದೆಯೇ ಬಲ್ಲವರಾಗಿದ್ದರು. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆ ಮಾಡುತ್ತಿದ್ದುದೂ ಇದೇ ಕೆಲಸವನ್ನು. ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನ್ನುಗಳಿಗೂ ಹರಳೆಣ್ಣೆಯನ್ನೇ ಬಳಸುತ್ತಿದ್ದರೆಂದರೆ ಆಶ್ಚರ್ಯವಾದೀತು! ಕಾದ ಲೋಹಕ್ಕೆ ಅದು ಚೆನ್ನಾಗಿ ಅಂಟಿಕೊಳ್ಳುತ್ತದೆ. ಆದರೆ ಬಹುಕಾಲ ಕಾದರೆ ಅಂಟಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಖನಿಜತೈಲವೇ ರೂಢಿಗೆ ಬಂದಿತು.

ದ್ರವವು ಹರಿಯುವುದಕ್ಕೆ ಒಡ್ಡುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಜೋನಿಬೆಲ್ಲಕ್ಕೆ ಅದು ಹೆಚ್ಚು, ನೀರಿಗೆ ಕಡಮೆ. ಕಾಯಿಸಿದಾಗ ಎಣ್ಣೆಯ ಸ್ನಿಗ್ಧತೆ ಇಳಿಯುತ್ತದೆ. ತೀರ ತೆಳುವಾದರೆ ಪೊರೆ ಹರಿದು ಲೋಹ ಲೋಹವನ್ನು ಉಜ್ಜುತ್ತದೆ. ತೀರ ಮಂದವಾಗಿದ್ದರೆ, ಬೆಳಗಿನ ತಂಪಿನಲ್ಲಿ ಎಂಜಿನ್ ಚಾಲೂ ಆದಾಗ ಎಣ್ಣೆ ಬೇರಿಂಗನ್ನು ಮುಟ್ಟುವುದೇ ತಡವಾಗುತ್ತದೆ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು 1911ರಲ್ಲಿ ಎಣ್ಣೆಗಳಿಗೆ ದರ್ಜೆಗಳನ್ನು ಗೊತ್ತುಪಡಿಸಿತು. ಡಬ್ಬಿಯ ಮೇಲಿನ ‘ಎಸ್‌ಎಇ 30’, ‘ಎಸ್‌ಎಇ 40’ ಎಂಬುವು ಅವೇ. ಅಂಕಿ ಏರಿದಷ್ಟೂ ಎಣ್ಣೆ ಮಂದ. ‘20ಡಬ್ಲ್ಯು-40’ ಎಂದಿದ್ದರೆ ಚಳಿಯಲ್ಲಿ ತೆಳುವಾದ ದರ್ಜೆಯಂತೆಯೂ ಕಾವಿನಲ್ಲಿ ನಲವತ್ತರಂತೆಯೂ ಅದು ವರ್ತಿಸುತ್ತದೆ.

ಎಂಜಿನ್ ಸವೆದಿದೆ, ಆದ್ದರಿಂದ ಸಿಕ್ಕ ಎಣ್ಣೆಗಳಲ್ಲೆಲ್ಲ ಮಂದವಾದುದನ್ನೇ ಹಾಕೋಣ ಎಂಬ ವಾದವೊಂದುಂಟು. ಸವೆತದಿಂದ ಸಂದುಗಳು ಅಗಲವಾಗಿರುವಾಗ ಒಂದು ದರ್ಜೆ ಏರಿಸುವುದು ಕೆಲವೊಮ್ಮೆ ಸರಿಯೇ. ಅದಕ್ಕೂ ಮೀರಿದರೆ ಸದ್ದು ಅಡಗುತ್ತದೆಯೇ ಹೊರತು ಸವೆತ ನಿಲ್ಲುವುದಿಲ್ಲ. ತಯಾರಕರ ಕೈಪಿಡಿಯೇ ಇಲ್ಲಿ ಮೊದಲ ಪ್ರಮಾಣ.

ಬೆಲೆ ಹೆಚ್ಚಿದ ಹೊಸ ಎಣ್ಣೆಯೇ ಮೇಲೆಂಬುದೂ ಪೂರ್ಣ ಸತ್ಯವಲ್ಲ. ಇಂದಿನ ಎಣ್ಣೆಯಲ್ಲಿ ಕೊಳೆಯನ್ನು ತೊಳೆಯುವ ದ್ರವ್ಯಗಳಿರುತ್ತವೆ. ದಶಕಗಳ ಕಾಲ ಅವಿಲ್ಲದ ಎಣ್ಣೆಯನ್ನು ಕುಡಿದ ಎಂಜಿನ್ನಿಗೆ ಇದನ್ನು ಒಮ್ಮೆಲೇ ಸುರಿದರೆ, ತಳದ ಜಿಡ್ಡೆಲ್ಲ ಕಳಚಿ ಎಣ್ಣೆಯ ದಾರಿಯನ್ನೇ ಕಟ್ಟಬಹುದು. ಆದ್ದರಿಂದ ಮೊದಲು ತಳವನ್ನು ಬಿಚ್ಚಿ ಶುಚಿಗೊಳಿಸಬೇಕು. ಹಳೆಯ ಅಮೆರಿಕನ್ ಕಾರುಗಳನ್ನು ಕಾಪಾಡಿಕೊಂಡವರದು ಇನ್ನೊಂದು ತೊಡಕು. ಆ ಎಂಜಿನ್ನುಗಳ ಉಜ್ಜುವ ಭಾಗಗಳಿಗೆ ಸತು-ರಂಜಕಗಳ ಸಂಯುಕ್ತ ರಕ್ಷೆಯಾಗಿದ್ದಿತು. ಹೊಸ ಕಾರುಗಳ ಹೊಗೆ ಶುದ್ಧಿಮಾಡುವ ಉಪಕರಣಕ್ಕೆ ರಂಜಕ ಹಾನಿಕರವಾದುದರಿಂದ ಪೆಟ್ರೋಲ್ ಕಾರಿನ ಎಣ್ಣೆಯಲ್ಲಿ ಅದನ್ನು ಕಡಮೆ ಮಾಡಲಾಗಿದೆ. ಗಾಣದ ಎಂಜಿನ್ನಿಗಾದರೂ ಪೆಟ್ರೋಲ್ ಕಾರಿನ ಎಣ್ಣೆ ಸಲ್ಲದು. ಡಬ್ಬಿಯ ಮೇಲೆ ‘ಎಸ್’ ಅಕ್ಷರದ ದರ್ಜೆ ಪೆಟ್ರೋಲಿಗೆ, ‘ಸಿ’ ಅಕ್ಷರದ್ದು ಡೀಸೆಲಿಗೆ.

ಎಣ್ಣೆ ತುಂಬಿದ ಮೇಲೆ ಅಳತೆಕಡ್ಡಿಯನ್ನು ಆಗಾಗ ಎಳೆದು ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ. ಮಟ್ಟ ತಾನಾಗಿ ಏರಿದ್ದು ಡೀಸೆಲ್ ವಾಸನೆ ಬಂದರೆ ಇಂಧನ ಸೋರಿ ಒಳಗೆ ಸೇರುತ್ತಿದೆ. ಎರಡರಲ್ಲಿ ಯಾವುದಾದರೂ ಸರಿ, ಕೊಪ್ಪರಿಗೆಯಲ್ಲಿ ರಸ ಕುದಿಯುತ್ತಿದ್ದರೂ ಎಂಜಿನ್ನನ್ನು ಆಗಲೇ ನಿಲ್ಲಿಸಬೇಕಾಗುತ್ತದೆ.