ಹಂಪಿ ಪ್ರವಾಸಕ್ಕೆ ಔಷಧದ ಚೀಲ

ಶಾಲಾ ಪ್ರವಾಸವೆಂದರೆ ಮಕ್ಕಳಿಗೆ ಹಿಗ್ಗು, ತಾಯ್ತಂದೆಯರಿಗೆ ಕಳವಳ. ಮಗುವಿಗೆ ಸಕ್ಕರೆ ಕಾಯಿಲೆಯೋ ಉಬ್ಬಸವೋ ಇದ್ದರೆ ‘ಕಳಿಸುವುದೇ ಬೇಡ’ ಎನ್ನುವವರುಂಟು. ವೈದ್ಯರನ್ನು ಕೇಳಿ ಸಿದ್ಧತೆ ಮಾಡಿಕೊಂಡರೆ ಆ ಮಗುವೂ ಹಂಪಿ ನೋಡಿ ಬರಬಹುದು.

ಇನ್ಸುಲಿನ್‌ಗೆ ಬಿಸಿಲು ಆಗದು. ಹೊಸಪೇಟೆಯ ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ಅದನ್ನು ಬಿಡಬಾರದು. ಮಂಜುಗಡ್ಡೆಗೂ ತಾಗಿಸಬಾರದು, ಹೆಪ್ಪುಗಟ್ಟಿದರೆ ಕೆಡುತ್ತದೆ. ಮಾತಂಗ ಬೆಟ್ಟ ಹತ್ತುವಾಗ ರಕ್ತದಲ್ಲಿನ ಸಕ್ಕರೆ ಇಳಿಯಬಹುದು. ಕೈ ನಡುಗಿ ಬೆವರು ಬಂದರೆ ಕೂಡಲೇ ಗ್ಲೂಕೋಸ್ ತಿನ್ನಬೇಕು. ಅದು ಜೇಬಿನಲ್ಲೇ ಇರಲಿ. ಉಬ್ಬಸದವರ ಇನ್‌ಹೇಲರ್ ಕೂಡ.

ಸಂಡೂರಿನ ತಿರುವುಗಳಲ್ಲಿ ವಾಂತಿಯಾಗುವವರು ವೈದ್ಯರು ಹೇಳಿದ ಮಾತ್ರೆಯನ್ನು ಬಸ್ಸು ಹೊರಡುವ ಮೊದಲೇ ನುಂಗಲಿ. ಹರಿಗೋಲು ಏರುವಾಗ ಔಷಧ ಪ್ಲಾಸ್ಟಿಕ್ ಡಬ್ಬಿಯಲ್ಲಿರಲಿ. ಔಷಧದ ಹೆಸರು, ಪ್ರಮಾಣ, ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿ ಶಿಕ್ಷಕರ ಬಳಿಯೂ ಒಂದಿರಲಿ.