ಮಾವಿನೆಲೆಗೆ ಮಸಿ ಬಳಿದವರು ಯಾರು?

ಚಾಕಣದಲ್ಲಿ ಮಾವಿನೆಲೆ ಕಪ್ಪಾಯಿತೆಂದರೆ ತೀರ್ಪು ಸಿದ್ಧ: ಹೊಗೆ! ಪುಣೆ–ನಾಸಿಕ ಹೆದ್ದಾರಿಯಲ್ಲಿ ಲಾರಿಗಳ ಸಾಲು, ಸುತ್ತ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು. ಬೇರೆ ಸಾಕ್ಷಿ ಯಾಕೆ ಬೇಕು?

ಆದರೆ ಒಂದು ಎಲೆ ಕಿತ್ತು ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ಕಪ್ಪು ತೆಳ್ಳನೆ ಪೊರೆಯಾಗಿ ಸುಲಿದು ಬರುತ್ತದೆ! ಅಡಿಯಲ್ಲಿ ಎಲೆ ಹಚ್ಚಹಸಿರು, ಚುಕ್ಕೆಯಿಲ್ಲ, ಗಾಯವಿಲ್ಲ. ಆ ಪೊರೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಇನ್ನೂ ಬೆರಗು: ಒಂದಕ್ಕೊಂದು ಹೆಣೆದುಕೊಂಡ ಕಂದುಗಪ್ಪು ಎಳೆಗಳು. ಈ ಮಸಿಗೆ ಜೀವವಿದೆ! ಇದು ಕ್ಯಾಪ್ನೋಡಿಯಂ ಎಂಬ ಶಿಲೀಂಧ್ರ, ತೋಟದವರ ಮಾತಿನಲ್ಲಿ ಕಪ್ಪು ಬೂಷ್ಟು.

ಮಾವಿಗೆ ಬರುವ ಬೂದಿ ರೋಗದ ಶಿಲೀಂಧ್ರ ಹೂವಿನ ಜೀವಕೋಶದೊಳಕ್ಕೆ ಹೀರುಬೇರು ಇಳಿಸುತ್ತದೆ. ಚಿಬ್ಬು ರೋಗದ್ದು ಎಲೆಯನ್ನು ಕೊರೆದು ಒಳನುಗ್ಗುತ್ತದೆ. ಈ ಕಪ್ಪು ಬೂಷ್ಟೋ, ಮರದೊಳಕ್ಕೆ ಕಾಲೇ ಇಡುವುದಿಲ್ಲ. ಮೇಲಿನಿಂದ ತೊಟ್ಟಿಕ್ಕುವ ಸಕ್ಕರೆ ತಿಂದು ಎಲೆಯ ಮೇಲೇ ಬದುಕುತ್ತದೆ. ಸಕ್ಕರೆ! ಸುರಿಸಿದವರು ಯಾರು?

ಕತ್ತೆತ್ತಿ ಹೂಗೊಂಚಲು ನೋಡಿ. ಬೆಣೆಯಾಕಾರದ ಪುಟಾಣಿ ಜಿಗಿಹುಳುಗಳು, ಚಾಕಣದ ಮರಾಠಿ ರೈತರ ತುಡತುಡೆ, ಗೊಂಚಲು ಅಲ್ಲಾಡಿದ್ದೇ ತಡ ಚಂಗನೆ ಹಾರುತ್ತವೆ. ಅವುಗಳಿಗೆ ಬೇಕಾದದ್ದು ಸಾರಜನಕ. ಮರದ ರಸದಲ್ಲಿ ಅದು ಅತ್ಯಲ್ಪ, ಸಕ್ಕರೆ ಮಾತ್ರ ಧಾರಾಳ. ಹಾಗಾಗಿ ಬಿಡದೆ ಹೀರಿ, ಹೆಚ್ಚಾದ ಸಕ್ಕರೆಯನ್ನು ಅಂಟುಹನಿಯಾಗಿ ವಿಸರ್ಜಿಸುತ್ತವೆ. ಹನಿ ಬಿದ್ದಲ್ಲೆಲ್ಲ ಬೂಷ್ಟು! ಹೊಗೆಯ ಮಸಿಯಾಗಿದ್ದರೆ ಪಕ್ಕದ ಬೇವಿನ ಮೇಲೂ ಗೋಡೆಯ ಮೇಲೂ ಒಂದೇ ಸಮನೆ ಕೂರುತ್ತಿತ್ತು. ಇದು ಹೂಗೊಂಚಲ ಕೆಳಗಿನ ಎಲೆಗಳ ಮೇಲ್ಮೈಯನ್ನೇ ಹಿಡಿಯುತ್ತದೆ.

ಕಪ್ಪು ಬಣ್ಣಕ್ಕೂ ಕಾರಣವಿದೆ. ನಮ್ಮ ಕೂದಲನ್ನು ಕಪ್ಪಾಗಿಸುವ ಮೆಲನಿನ್ ಇಲ್ಲೂ ಇದೆ; ಸುಡುಬಿಸಿಲಿಗೆ ಮೈಯೊಡ್ಡಿ ಬದುಕುವ ಈ ಜೀವಿಗೆ ಅದೇ ರಕ್ಷೆ. ಮರಕ್ಕೆ ಮಾತ್ರ ನಷ್ಟ. ಬೆಳಕು ದಕ್ಕದ ಎಲೆ ಸರಿಯಾಗಿ ಆಹಾರ ತಯಾರಿಸಲಾರದು, ಕಪ್ಪು ಹಿಡಿದ ಕಾಯಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಇನ್ನು ಮದ್ದು ಕೇಳಿ: ಗಂಜಿ! 1 ಕಿಲೋ ಮೈದಾವನ್ನು 5 ಲೀಟರ್ ನೀರಿನಲ್ಲಿ ಕುದಿಸಿ, ಆರಿಸಿ, 20 ಲೀಟರಿಗೆ ತೆಳುಮಾಡಿ, ಸೋಸಿ ಸಿಂಪಡಿಸಬೇಕು. ಬಿಸಿಲಿಗೆ ಒಣಗಿದ ಗಂಜಿ ಹಪ್ಪಳದಂತೆ ಎದ್ದು, ಬೂಷ್ಟನ್ನೂ ಕಿತ್ತುಕೊಂಡು ಉದುರುತ್ತದೆ. ಆದರೆ ಜಿಗಿಹುಳುವನ್ನು ಹಾಗೇ ಬಿಟ್ಟರೆ ಹನಿಯೂ ನಿಲ್ಲದು, ಕಪ್ಪೂ ತಪ್ಪದು. ಶಿಲೀಂಧ್ರದ ಕಾಟವೇನೋ ನಿಜ, ಹಿಡಿಯಬೇಕಾದದ್ದು ಮಾತ್ರ ಹುಳುವನ್ನು!